ನೀರಂಚಿನ ಜಾಗ: ಐವತ್ತು ಮೀಟರ್ ಯಾರಿಗೆ ಸಾಕು?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು. ಹೊಳೆ, ಕಡಲು, ಹಿನ್ನೀರಿನ ದಂಡೆಯಲ್ಲಿ ಯಾರು, ಎಷ್ಟು ದೂರದಲ್ಲಿ, ಏನು ಕಟ್ಟಬಹುದು ಎಂಬುದು. 1991ರ ಫೆಬ್ರುವರಿ 19ರಂದು ಮೊದಲ ಬಾರಿಗೆ ಹೊರಟು, 2011ರಲ್ಲಿ ಬದಲಾಗಿ, 2019ರ ಜನವರಿ 18ರಂದು ಇನ್ನೊಮ್ಮೆ ಹೊಸದಾಗಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದಕ್ಕೆಲ್ಲ ಮೂಲ. ಜನರ ಬಾಯಲ್ಲಿ ಅದು ಸಿಆರ್‌ಝಡ್. ನಗರ ಯೋಜನೆಯ ಕೆಲಸದಲ್ಲೇ ನೌಕರಿಯ ಕಾಲವನ್ನೆಲ್ಲ ಕಳೆದು ನಿವೃತ್ತಳಾದ ನನಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ನೀರಿನ ಬಳಿ ಇಲ್ಲದೆ ಹೊಟ್ಟೆಪಾಡು ನಡೆಯದವರು ಬೇರೆ, ಕಿಟಕಿಯಿಂದ ನೀರು ಕಾಣಬೇಕು ಎಂದು ಬರುವವರು ಬೇರೆ. ದಂಡೆಯ ನಿಯಮ ಮೊದಲನೆಯವರನ್ನು ಕಾಯಬೇಕು.

ಪ್ರಶ್ನೆ: ಮೇಡಂ, ಜಪ್ಪಿನಮೊಗರು ಕಡೆ ನೇತ್ರಾವತಿ ದಂಡೆಯಲ್ಲಿ ತಂದೆಯವರು ಬಿಟ್ಟುಹೋದ ಇಪ್ಪತ್ತು ಸೆಂಟ್ಸ್ ಜಾಗ ನಮಗಿದೆ. ಹಿಂದೆ ಹೊಳೆಯಿಂದ ನೂರು ಮೀಟರ್ ಬಿಡಬೇಕು ಎನ್ನುತ್ತಿದ್ದರು, ಈಗ ಐವತ್ತು ಸಾಕಂತೆ. ನಾವೇ ಟೇಪು ಹಿಡಿದು ನೀರಿನ ಅಂಚಿನಿಂದ ಅಳೆದಾಗ ಐವತ್ತೆಂಟು ಮೀಟರ್ ಬಂತು. ಮನೆ ಕಟ್ಟಬಹುದೇ?
(ಮಂಗಳೂರಿನ ಓದುಗರು)

ಉತ್ತರ: ಟೇಪಿನ ತುದಿಯನ್ನು ಎಲ್ಲಿಟ್ಟಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೀವು ಅಳೆದ ದಿನ ನೀರು ಎಲ್ಲಿತ್ತೋ ಅಲ್ಲಿಂದ ಲೆಕ್ಕ ಶುರುವಾಗುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಏರುತ್ತದೋ ಆ ಗೆರೆಯಿಂದ ಶುರುವಾಗುತ್ತದೆ. ಅಧಿಸೂಚನೆಯಲ್ಲಿ ಹೇಳುವ ಭರತ ರೇಖೆ ಅದೇ. ಅದನ್ನು ನೀವಾಗಲಿ, ಬ್ರೋಕರಾಗಲಿ, ಗುತ್ತಿಗೆದಾರರಾಗಲಿ ಗುರುತಿಸುವಂತಿಲ್ಲ. ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಅದನ್ನು ಗುರುತಿಸಿದೆ, ರಾಜ್ಯದ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಗಳಲ್ಲಿ ಅದು ಇದೆ. ನೇತ್ರಾವತಿಯ ದಂಡೆ ನಿಮ್ಮ ಕಡೆ ಇಳಿಜಾರಾಗಿ ತಗ್ಗಾಗಿದ್ದರೆ ಇಳಿತದ ಹೊತ್ತಿನ ನೀರಿನಂಚಿಗೂ ಭರತ ರೇಖೆಗೂ ನಡುವೆ ಹತ್ತು ಮೀಟರ್ ಸುಲಭವಾಗಿ ಕಳೆದುಹೋಗುತ್ತದೆ. ಆಗ ನಿಮ್ಮ ಐವತ್ತೆಂಟು ನಲವತ್ತೆಂಟಾಗುತ್ತದೆ.

ನೂರು ಐವತ್ತಾದದ್ದು ನಿಜ. 2011ರ ಅಧಿಸೂಚನೆಯ ಪ್ರಕಾರ ಭರತದ ಪ್ರಭಾವವಿರುವ ಹೊಳೆಗಳ ದಂಡೆಯಲ್ಲಿ ನೂರು ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣದಲ್ಲಿತ್ತು. 2019ರಲ್ಲಿ ನೂರರ ಬದಲು ಐವತ್ತು ಎಂದಾಯಿತು. ಹೊಸ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಗುವ ತನಕ ಹಳೆಯದೇ ಅನ್ವಯ ಎಂಬ ಷರತ್ತಿತ್ತು. ಕರ್ನಾಟಕದ ಯೋಜನೆಗೆ ಆ ಒಪ್ಪಿಗೆ ಸಿಕ್ಕಿದೆ. ಈ ಬದಲಾವಣೆ ಎಷ್ಟು ದೊಡ್ಡದು ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ಒಂದು ಕಿಲೋಮೀಟರ್ ಉದ್ದದ ದಂಡೆಯಲ್ಲಿ ಐವತ್ತು ಮೀಟರ್ ಪಟ್ಟಿ ಎಂದರೆ ಐದು ಹೆಕ್ಟೇರ್, ಹನ್ನೆರಡು ಎಕರೆಗೂ ಸ್ವಲ್ಪ ಹೆಚ್ಚು. ಎರಡೂ ದಂಡೆ ಸೇರಿದರೆ ಇಪ್ಪತ್ತೈದು ಎಕರೆಯ ಹತ್ತಿರ. ನಗರದೊಳಗೆ ಹೊಳೆಯ ಪಕ್ಕದ ಅಷ್ಟು ಜಾಗ ಒಂದು ಅಧಿಸೂಚನೆಯಿಂದ ಮಾರುಕಟ್ಟೆಗೆ ಬಂತು. ಬ್ರೋಕರುಗಳ ಫೋನು ಯಾಕೆ ಹೆಚ್ಚಾಯಿತು ಎಂದು ನಿಮ್ಮ ಪತ್ರದಲ್ಲಿ ಕೇಳಿದ್ದಿರಿ, ಕಾರಣ ಇದು.

ಇನ್ನು ನಕ್ಷೆ. ಅಂತರ್ಜಾಲದಲ್ಲಿ ಸಿಗುವ 1:25,000 ಅಳತೆಯ ನಕ್ಷೆಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಆ ಅಳತೆಯಲ್ಲಿ ಐವತ್ತು ಮೀಟರ್ ಎಂದರೆ ಕಾಗದದ ಮೇಲೆ ಬರೀ ಎರಡು ಮಿಲಿಮೀಟರ್. ಗೆರೆಯ ದಪ್ಪವೇ ಅದರ ಕಾಲು ಭಾಗ ನುಂಗುತ್ತದೆ. 1:4,000 ಅಳತೆಯ ನಕ್ಷೆಯಲ್ಲಿ ಅದೇ ಐವತ್ತು ಮೀಟರ್ ಒಂದೂಕಾಲು ಸೆಂಟಿಮೀಟರ್ ಆಗುತ್ತದೆ, ಸರ್ವೆ ನಂಬರಿನ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಮಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಆರ್‌ಟಿಸಿ, ಸರ್ವೆ ಸ್ಕೆಚ್ ಸಮೇತ ಅರ್ಜಿ ಕೊಟ್ಟು, ನಿಮ್ಮ ಸರ್ವೆ ನಂಬರು ಯಾವ ವರ್ಗದಲ್ಲಿದೆ, ಭರತ ರೇಖೆಯಿಂದ ಎಷ್ಟು ದೂರದಲ್ಲಿದೆ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ.

ಜಾಗ ಐವತ್ತರ ಒಳಗೆ ಬಿದ್ದರೂ ಎಲ್ಲವೂ ಮುಗಿಯಿತು ಎಂದಲ್ಲ. ಪಾಲಿಕೆಯ ವ್ಯಾಪ್ತಿಯೊಳಗೆ ಅರ್ಧಕ್ಕಿಂತ ಹೆಚ್ಚು ನಿವೇಶನಗಳಲ್ಲಿ ಕಟ್ಟಡವೆದ್ದು, ರಸ್ತೆ, ನೀರು, ಒಳಚರಂಡಿ ಇರುವ ಪ್ರದೇಶ ಎರಡನೇ ವರ್ಗಕ್ಕೆ ಸೇರುತ್ತದೆ. ಅಲ್ಲಿ ಮೊದಲಿನಿಂದ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ನೆಲದ ಕಡೆಗೆ, ಅಂದರೆ ಹೊಳೆಗೆ ಬೆನ್ನಾದ ಕಡೆಗೆ, ಕಟ್ಟಲು ಅವಕಾಶವಿದೆ. ಪಾಲಿಕೆಯೊಳಗಿದ್ದ ಮಾತ್ರಕ್ಕೆ ಜಾಗ ತಾನಾಗಿ ಎರಡನೇ ವರ್ಗವಾಗುವುದಿಲ್ಲ, ಇದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ.

ಇಷ್ಟು ನಿಯಮದ ಮಾತು. ಇನ್ನು ನೀವು ಕೇಳದ ಒಂದು ಮಾತು ಹೇಳಬೇಕು. ಭರತ ರೇಖೆ ಬೇರೆ, ನೆರೆಯ ರೇಖೆ ಬೇರೆ. ಭರತ ರೇಖೆಗೆ ಘಟ್ಟದ ಮಳೆಯ ಲೆಕ್ಕ ಗೊತ್ತಿಲ್ಲ. ನಮ್ಮ ಹಿರಿಯರು ಮಾರಿಬೊಳ್ಳ ಎಂದು ಕರೆಯುವ 1923ರ ನೆರೆ, ಆಮೇಲೆ 1974ರ ನೆರೆ, ಎರಡನ್ನೂ ತಂದದ್ದು ಇದೇ ನೇತ್ರಾವತಿ. 2011ರ ಅಧಿಸೂಚನೆಯಲ್ಲಿ ಅಪಾಯದ ರೇಖೆ ಎಂಬ ಇನ್ನೊಂದು ಗೆರೆಗೆ ನಿಯಂತ್ರಣದಲ್ಲಿ ಪಾತ್ರವಿತ್ತು. ಕಡಲಿನ ಏರಿಕೆ, ಅಲೆ, ದಡ ಕೊರೆತಗಳನ್ನೆಲ್ಲ ಗಣಿಸಿ ಎಳೆಯುವ ಗೆರೆ ಅದು. 2019ರಲ್ಲಿ ಅದು ವಿಪತ್ತು ನಿರ್ವಹಣೆಯ ಯೋಜನೆಗೆ ಬಳಸುವ ಸಾಧನವಾಗಿ ಮಾತ್ರ ಉಳಿಯಿತು, ಕಟ್ಟಡದ ಪರವಾನಗಿಗೆ ಅಡ್ಡಬರುವುದಿಲ್ಲ. ನನ್ನ ಪ್ರಕಾರ ಹೊಸ ಅಧಿಸೂಚನೆಯ ಅತಿ ದೊಡ್ಡ ಕೊರತೆ ಇದೇ. ಹಾಗಾಗಿ ಕಾಗದದ ಮೇಲೆ ನಿಮಗೆ ಐವತ್ತೊಂದನೇ ಮೀಟರಿನಲ್ಲಿ ಮನೆ ಕಟ್ಟಲು ಸಿಗಬಹುದು. ಆದರೂ ಊರಿನ ಹಳಬರನ್ನು ಕೇಳಿ, 1974ರಲ್ಲಿ ನೀರು ಎಲ್ಲಿಗೆ ಬಂದಿತ್ತು ಎಂದು. ಇಪ್ಪತ್ತು ಸೆಂಟ್ಸಿನಲ್ಲಿ ಹಿಂದಕ್ಕೆ ಸರಿಯಲು ಜಾಗವಿದೆ. ಮನೆಯನ್ನು ರಸ್ತೆಯ ಕಡೆಗೆ ಎಳೆದು, ತಳಪಾಯ ಎತ್ತರಿಸಿ ಕಟ್ಟಿ, ಹೊಳೆಯ ಕಡೆಗೆ ತೆಂಗು, ಅಡಿಕೆ ಇರಲಿ.

ಪ್ರಶ್ನೆ: ಹಿನ್ನೀರಿನ ಬದಿಯ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಬುಕ್ ಮಾಡಲು ಹೊರಟಿದ್ದೇವೆ. ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಇದೆ, ಬ್ಯಾಂಕ್ ಸಾಲವೂ ಸಿಗುತ್ತದೆ, ಸಿಆರ್‌ಝಡ್ ಹೇಗೂ ಸಡಿಲವಾಗುತ್ತಿದೆ, ಹೆದರಬೇಡಿ ಎನ್ನುತ್ತಾರೆ. ನಂಬಬಹುದೇ?
(ಉಡುಪಿಯ ಓದುಗರು)

ಉತ್ತರ: ನಂಬಬೇಡಿ. ಕೊಚ್ಚಿಯ ಮರಡುವಿನಲ್ಲಿ ಹಿನ್ನೀರಿನ ದಂಡೆಯ ನಾಲ್ಕು ವಸತಿ ಸಮುಚ್ಚಯಗಳಿಗೂ ಪಂಚಾಯಿತಿಯ ಪರವಾನಗಿ ಇತ್ತು. 2006ರಲ್ಲಿ ಕೊಟ್ಟದ್ದು. ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ, ಅಂದರೆ ಕರಾವಳಿ ಪ್ರಾಧಿಕಾರದ, ಒಪ್ಪಿಗೆ ಇರಲಿಲ್ಲ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ಆ ಹೊತ್ತಿಗೆ 2019ರ ಸಡಿಲ ಅಧಿಸೂಚನೆ ಬಂದು ತಿಂಗಳುಗಳೇ ಆಗಿದ್ದವು, ಪಂಚಾಯಿತಿ ನಗರಸಭೆಯೂ ಆಗಿತ್ತು. ಆದರೂ ನ್ಯಾಯಾಲಯ ನೋಡಿದ್ದು ಕಟ್ಟುವಾಗ ಜಾರಿಯಲ್ಲಿದ್ದ ನಕ್ಷೆಯನ್ನು, ಅದರಲ್ಲಿ ಆ ಜಾಗ ಮೂರನೇ ವರ್ಗದಲ್ಲಿತ್ತು, ಅಂದರೆ ಕಟ್ಟಡಗಳು ಹೆಚ್ಚಿಲ್ಲದ ಗ್ರಾಮೀಣ ಪ್ರದೇಶದ ಬಿಗಿ ವರ್ಗದಲ್ಲಿ. ಮುಂದೆ ಸಡಿಲವಾಗುತ್ತದೆ ಎಂಬ ಭರವಸೆಯ ಮೇಲೆ ಕಟ್ಟಿದ್ದು ಮುಂದೆಯೂ ಅಕ್ರಮವಾಗಿಯೇ ಉಳಿಯುತ್ತದೆ. ಮನೆ ಕಳೆದುಕೊಂಡವರಿಗೆ ಮಧ್ಯಂತರ ಪರಿಹಾರವಾಗಿ ತಲಾ 25 ಲಕ್ಷ ರೂಪಾಯಿಯ ಮಿತಿಯೊಳಗೆ ಸಿಕ್ಕಿತು, ಆದರೆ ಮಕ್ಕಳು ಬೆಳೆದ ಮನೆ ಧೂಳಾಗುವುದನ್ನು ಅವರು ದೂರದಲ್ಲಿ ನಿಂತು ನೋಡಬೇಕಾಯಿತು.

ಮುಂಗಡ ಕೊಡುವ ಮೊದಲು ಕರಾವಳಿ ಪ್ರಾಧಿಕಾರದ ಒಪ್ಪಿಗೆ ಪತ್ರದ ಪ್ರತಿ ಕೇಳಿ. ಅದರಲ್ಲಿ ನಿಮ್ಮ ಕಟ್ಟಡದ ಸರ್ವೆ ನಂಬರು ಇರಬೇಕು, ಮಹಡಿಗಳ ಸಂಖ್ಯೆ ಹೊಂದಬೇಕು. ವಲಯದ ಹೊರಗಿದೆ ಎಂದು ಹೇಳಿದರೆ, ಹೊರಗಿದೆ ಎಂಬುದಕ್ಕೂ ಪತ್ರ ಕೇಳಿ. ಬ್ಯಾಂಕಿನವರು ಸಾಲ ಕೊಡುವುದು ನಿಮ್ಮ ಸಂಬಳ ಮತ್ತು ಜಾಗದ ಹಕ್ಕುಪತ್ರ ನೋಡಿ. ಭರತ ರೇಖೆಯನ್ನು ಅವರು ಅಳೆಯಲು ಬರುವುದಿಲ್ಲ.

ಪ್ರಶ್ನೆ: ಅಕ್ಕಾ, ನಾವು ಬೆಂಗರೆಯವರು, ಮೊಗವೀರರು. ಮಾವನ ಕಾಲದ ಹಂಚಿನ ಮನೆ. ಮಗನಿಗೆ ಮದುವೆ ಗೊತ್ತಾಗಿದೆ, ಎರಡು ಕೋಣೆ ಸೇರಿಸಬೇಕು. ಕಚೇರಿಯಲ್ಲಿ ಸಿಆರ್‌ಝಡ್ ಇದೆ, ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ದೊಡ್ಡವರ ರೆಸಾರ್ಟಿಗೆ ಆಗುವುದು ನಮಗೆ ಯಾಕೆ ಆಗುವುದಿಲ್ಲ?
(ಒಬ್ಬ ಓದುಗರು, ಬೆಂಗರೆ)

ಉತ್ತರ: ನಿಮ್ಮ ಪತ್ರವನ್ನು ಓದಿ ಸಿಟ್ಟು ಬಂತು, ನಿಮ್ಮ ಮೇಲಲ್ಲ. ಫಲ್ಗುಣಿಗೂ ಕಡಲಿಗೂ ನಡುವಿನ ಆ ಮರಳಪಟ್ಟಿಯಲ್ಲಿ ಸಿಆರ್‌ಝಡ್ ಎಂಬ ಹೆಸರು ಹುಟ್ಟುವ ಮೊದಲೇ ನಿಮ್ಮವರ ಮನೆಗಳಿದ್ದವು. "ಆಗುವುದಿಲ್ಲ" ಎಂಬ ಬಾಯಿಮಾತನ್ನು ಒಪ್ಪಿ ಹಿಂದೆ ಬರಬೇಡಿ. ಯಾವ ವಿಧಿಯಂತೆ ಆಗುವುದಿಲ್ಲ ಎಂದು ಹಿಂಬರಹ ಕೊಡಿ ಎಂದು ಕೇಳಿ.

ನಿಯಮದಲ್ಲಿ ನಿಮ್ಮಂಥವರಿಗೆ ಜಾಗವಿದೆ. ದಂಡೆಗೆ ಹತ್ತಿರದ, ಹೊಸ ಕಟ್ಟಡಕ್ಕೆ ತಡೆಯಿರುವ ಅಭಿವೃದ್ಧಿ ನಿಷೇಧಿತ ಪಟ್ಟಿಯೊಳಗೂ ಈಗಿರುವ ಅಧಿಕೃತ ಮನೆಯನ್ನು ಅದೇ ವಿಸ್ತೀರ್ಣದಲ್ಲಿ ದುರಸ್ತಿ ಮಾಡಲು, ಮತ್ತೆ ಕಟ್ಟಲು ಅಡ್ಡಿಯಿಲ್ಲ. ವಾಸಕ್ಕೆಂದು ಸ್ವಂತಕ್ಕೆ ಕಟ್ಟುವ, ಒಟ್ಟು 300 ಚದರ ಮೀಟರ್ ಒಳಗಿನ ಮನೆಗೆ, ಆ ವರ್ಗದಲ್ಲಿ ಮನೆಗೆ ಅವಕಾಶವಿದ್ದರೆ, ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು. ಕಡತ ರಾಜ್ಯ ಪ್ರಾಧಿಕಾರದವರೆಗೆ ಹೋಗಬೇಕಾಗಿಲ್ಲ. 300 ಚದರ ಮೀಟರ್ ಎಂದರೆ ಮೂರು ಸಾವಿರದ ಇನ್ನೂರು ಚದರ ಅಡಿಗೂ ಹೆಚ್ಚು, ನಿಮ್ಮ ಹಂಚಿನ ಮನೆಯೂ ಎರಡು ಕೋಣೆಯೂ ಸೇರಿದರೂ ಅದರ ಅರ್ಧ ದಾಟುವುದಿಲ್ಲ ಎಂದು ನೀವು ಕೊಟ್ಟ ಅಳತೆಯಿಂದ ತೋರುತ್ತದೆ. ನಿಮ್ಮ ಜಾಗ ಎರಡನೇ ವರ್ಗವೋ ಮೂರನೆಯದೋ ಎಂಬುದರ ಮೇಲೆ ಹೊಸ ಕೋಣೆಯ ದಿಕ್ಕು ನಿರ್ಧಾರವಾಗುತ್ತದೆ. ಕಡಲಿನ ಅಥವಾ ಹೊಳೆಯ ಕಡೆಗೆ ಮುಂದೆ ಚಾಚಬೇಡಿ, ಮನೆಯ ಹಿಂಬದಿಗೆ ಸೇರಿಸುವ ನಕ್ಷೆ ಕೊಡಿ.

ನಿಜವಾದ ತೊಡಕು ಬೇರೆ ಇರಬಹುದು. ಹಕ್ಕುಪತ್ರ. ತಲೆಮಾರುಗಳಿಂದ ವಾಸವಿದ್ದರೂ ಜಾಗ ಸರ್ಕಾರಿ ಎಂದು ದಾಖಲೆಯಲ್ಲಿದ್ದರೆ ಮನೆ ಅಧಿಕೃತ ಎಂದು ತೋರಿಸುವುದು ಕಷ್ಟ. ಹಳೆಯ ಮನೆ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು, ರೇಷನ್ ಕಾರ್ಡು, ಯಾವುದು 1991ಕ್ಕಿಂತ ಹಿಂದಿನದಿದ್ದರೂ ಜೋಪಾನ ಮಾಡಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಕರಾವಳಿ ವಲಯ ನಿರ್ವಹಣಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯದ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು ಎಂದು ನಿಯಮವಿದೆ. ನಿಮ್ಮವರು ಯಾರಿದ್ದಾರೆ ಎಂದು ಗ್ರಾಮಸಭೆಯ ಹಿರಿಯರನ್ನು ಕೇಳಿ, ಅವರ ಮೂಲಕ ವಿಷಯ ಮಂಡಿಸಿ. ಮೀನುಗಾರರ ಸಂಸಾರ ಬೆಳೆದಂತೆ ಬೇಕಾಗುವ ಮನೆಗಳಿಗೆ ದೀರ್ಘಕಾಲದ ಯೋಜನೆ ಮಾಡಬೇಕಾದದ್ದು ಸರ್ಕಾರದ ಕರ್ತವ್ಯ, ಅಧಿಸೂಚನೆಯೇ ಹಾಗೆ ಹೇಳುತ್ತದೆ. ನಿಮ್ಮ ಎರಡು ಕೋಣೆ ಯಾರ ದಯೆಯೂ ಅಲ್ಲ.

ಪ್ರಶ್ನೆ: ಪಡುಕೆರೆಯಲ್ಲಿ ನಮ್ಮ ಮನೆಗೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ. ಯಾವುದರಿಂದ ಅಳೆಯಬೇಕು? ಹೋಮ್‌ಸ್ಟೇ ಮಾಡಬಹುದೇ?
(ಮಲ್ಪೆ ಸಮೀಪದ ಓದುಗರು)

ಉತ್ತರ: ಎರಡರಿಂದಲೂ. ಕಡಲಿನ ಭರತ ರೇಖೆಯಿಂದ 500 ಮೀಟರ್ ನಿಯಂತ್ರಣ ವಲಯ, ಹೊಳೆಯ ಕಡೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಎರಡೂ ಬೀಳುವಲ್ಲಿ ಬಿಗಿಯಾದದ್ದು ಅನ್ವಯ. ಗ್ರಾಮೀಣ ಪ್ರದೇಶವಾದರೆ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161 ಜನರಿಗಿಂತ ಹೆಚ್ಚಿರುವಲ್ಲಿ ಕಡಲಿನಿಂದ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್ ಅಭಿವೃದ್ಧಿ ನಿಷೇಧ. ಅಧಿಸೂಚನೆ ಸ್ಥಳೀಯರ ಸ್ವಂತ ಮನೆಯಲ್ಲಿ ಹೋಮ್‌ಸ್ಟೇ ನಡೆಸಲು ಅವಕಾಶ ಕೊಡುತ್ತದೆ, ಮನೆಯ ರೂಪ ಬದಲಿಸುವಂತಿಲ್ಲ. ಬೋರ್‌ವೆಲ್ ಕೊರೆಯುವ ಯೋಚನೆ ಬಿಡಿ. ಭರತ ರೇಖೆಯಿಂದ 200 ಮೀಟರ್ ಒಳಗೆ ಅಂತರ್ಜಲ ಎತ್ತುವುದಕ್ಕೆ ನಿರ್ಬಂಧವಿದೆ, ಸ್ಥಳೀಯರ ಸ್ವಂತ ಬಳಕೆಗಷ್ಟೇ ವಿನಾಯಿತಿ. ಎರಡು ಬದಿಯೂ ಉಪ್ಪುನೀರಿರುವ ಕಿರಿದಾದ ಪಟ್ಟಿಯಲ್ಲಿ ಪಂಪು ಹಾಕಿದರೆ ನೆರೆಮನೆಯ ಬಾವಿಯೂ ಉಪ್ಪಾಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ನಗರಕ್ಕೆ ಹೊಳೆಯ ಬದಿಯಲ್ಲಿ ನಡೆದಾಡಲು ಒಂದು ಒಳ್ಳೆಯ ಜಾಗವಿಲ್ಲ. ವಾಯುವಿಹಾರ ಪಥ ಕಟ್ಟುತ್ತೇವೆ ಎಂದರೆ ಪರಿಸರದವರು ಯಾಕೆ ಅಡ್ಡಬರುತ್ತಾರೆ?
(ಮಂಗಳೂರಿನ ಓದುಗರು)

ಉತ್ತರ: ಹೊಳೆಯ ಬದಿಯಲ್ಲಿ ಎಲ್ಲರೂ ನಡೆದಾಡಬೇಕು ಎಂಬುದರಲ್ಲಿ ನಾನು ನಿನ್ನ ಜೊತೆಗಿದ್ದೇನೆ. ದಂಡೆಯನ್ನು ಕಾಂಪೌಂಡ್ ಗೋಡೆಗಳು ನುಂಗಿಹಾಕುವುದಕ್ಕಿಂತ ಸಾರ್ವಜನಿಕ ಕಾಲುದಾರಿ ಸಾವಿರ ಪಾಲು ಮೇಲು. ನಾನು ನೋಡುವುದು ಪಥ ಹೇಗೆ ಕಟ್ಟುತ್ತಾರೆ, ಅದರ ಹಿಂದಿನ ಜಾಗ ಏನಾಗುತ್ತದೆ ಎಂಬ ಎರಡು ವಿಷಯಗಳನ್ನು.

ಹೇಗೆ ಎಂಬುದು ಮೊದಲು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವಲ್ಲಿ ಮಣ್ಣು ತುಂಬಿ, ಕಲ್ಲಿನ ಗೋಡೆ ಕಟ್ಟಿ, ಮೇಲೆ ಇಂಟರ್‌ಲಾಕ್ ಹಾಸಿದರೆ ಹೊಳೆಯ ಅಗಲ ಕಡಿಮೆಯಾಗುತ್ತದೆ. ಮಳೆಗಾಲದ ನೀರು ಎದುರು ದಂಡೆಯನ್ನು ಕೊರೆಯುತ್ತದೆ, ಇಲ್ಲವೇ ತೋಡುಗಳಲ್ಲಿ ಹಿಂದಕ್ಕೆ ಏರಿ ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಕಾಂಡ್ಲಾ ಬೇರುಗಳ ನಡುವೆ ಮೀನು, ಸಿಗಡಿ ಮರಿ ಬೆಳೆಯುತ್ತವೆ, ಹೊಳೆಬಾಯಿಯಲ್ಲಿ ಬಲೆ ಬೀಸುವವರಿಗೆ ಇದು ಪಠ್ಯಪುಸ್ತಕ ಓದದೆಯೂ ಗೊತ್ತು. 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ವನದ ಸುತ್ತ 50 ಮೀಟರ್ ಕಾಪು ಪಟ್ಟಿ ಬಿಡಬೇಕೆಂಬ ನಿಯಮವಿದೆ. ಆದರೆ 2019ರಲ್ಲಿ ಖಾಸಗಿ ಜಾಗದ ಕಾಂಡ್ಲಾಕ್ಕೆ ಆ ಪಟ್ಟಿಯನ್ನು ಕೈಬಿಟ್ಟರು. ಖಾಸಗಿ ಬೇಲಿ ದಾಟಿದ ಕೂಡಲೇ ಸಿಗಡಿ ಮರಿಗೆ ರಕ್ಷಣೆ ಬೇಡವಾಗುತ್ತದೆಯೇ? ಈ ಸಡಿಲಿಕೆಯನ್ನು ನಾನು ಒಪ್ಪುವುದಿಲ್ಲ. ಕಂಬಗಳ ಮೇಲೆ ನಿಂತ ಮರದ ಪಥ, ಕೆಳಗೆ ಭರತ ಬಂದು ಹೋಗುವಂತೆ ಮಾಡಿದರೆ ನಡೆಯುವವರಿಗೂ ಸುಖ, ಹೊಳೆಗೂ ತೊಂದರೆಯಿಲ್ಲ.

ಎರಡನೆಯದನ್ನು ನಿನ್ನ ಸಹಪಾಠಿಗಳಿಗೂ ಓದಿ ಹೇಳು. ಎರಡನೇ ವರ್ಗದಲ್ಲಿ ಕಟ್ಟಡಕ್ಕೆ ಅವಕಾಶ ಸಿಗುವುದು ಮೊದಲಿನಿಂದ ಇದ್ದ ರಸ್ತೆಯ ನೆಲದ ಕಡೆಗೆ. ಆ ರಸ್ತೆಗೂ ನೀರಿಗೂ ನಡುವೆ ಹೊಸ ರಸ್ತೆ ಕಟ್ಟಿ, ಈಗ ನಮ್ಮ ಜಾಗ ರಸ್ತೆಯ ನೆಲದ ಕಡೆಗಿದೆ, ಪರವಾನಗಿ ಕೊಡಿ ಎಂದು ಕೇಳುವಂತಿಲ್ಲ. ಅಧಿಸೂಚನೆಯಲ್ಲಿ ಇದು ಸ್ಪಷ್ಟವಾಗಿದೆ, ಬಹಳ ಮುಂದಾಲೋಚನೆಯಿಂದ ಬರೆದ ಷರತ್ತು ಅದು. ವಾಯುವಿಹಾರ ಪಥದ ಪಕ್ಕದಲ್ಲೇ ವಾಹನ ಓಡುವ ರಸ್ತೆಯೊಂದು ಯೋಜನೆಯಲ್ಲಿ ಸೇರಿಕೊಂಡಿದ್ದರೆ, ಅದರ ಹಿಂದಿನ ಸರ್ವೆ ನಂಬರುಗಳು ಯಾರ ಹೆಸರಲ್ಲಿವೆ ಎಂದು ನೋಡಬೇಕು. ಪಥ ಕಟ್ಟಿದ ಮೇಲೆ ಅಲ್ಲಿ ದೋಣಿ ಎಳೆದು ನಿಲ್ಲಿಸುವವರಿಗೆ, ಬಲೆ ಒಣಗಿಸುವವರಿಗೆ ಜಾಗ ಉಳಿಯುತ್ತದೆಯೇ ಎಂಬುದನ್ನೂ ನಕ್ಷೆಯಲ್ಲಿ ಹುಡುಕು. ಕಾಣದಿದ್ದರೆ ಆ ನಕ್ಷೆ ಅಪೂರ್ಣ.

ಪ್ರಶ್ನೆ: ಊರು ಕುಂದಾಪುರ, ಈಗ ಬಾಸ್ಟನ್ ಹತ್ತಿರ ಇದ್ದೇವೆ. ಉತ್ತರಕ್ಕಿರುವ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹೋದಾಗ ನಗರದ ನಡುವೆಯೇ ದಕ್ಕೆ, ಮೀನು ಇಳಿಸುವ ದೋಣಿಗಳು, ಐಸ್ ಕಾಣುತ್ತವೆ. ಹೋಟೆಲುಗಳು ಯಾಕೆ ಎಲ್ಲವನ್ನೂ ಆವರಿಸಿಲ್ಲ? ನಮ್ಮಲ್ಲಿ ಹೀಗೆ ಉಳಿಸಲು ಆಗದೇ?
(ಅಮೆರಿಕದ ಓದುಗರು)

ಉತ್ತರ: ಅದು ತಾನಾಗಿ ಉಳಿದದ್ದಲ್ಲ. ಜನ ಮತ ಹಾಕಿ ಉಳಿಸಿಕೊಂಡದ್ದು. 1980ರ ದಶಕದಲ್ಲಿ ಪೋರ್ಟ್‌ಲ್ಯಾಂಡಿನ ದಕ್ಕೆಗಳ ಮೇಲೆ ವಸತಿ ಕಟ್ಟಡಗಳು ಏಳತೊಡಗಿದಾಗ ಮೀನುಗಾರರೂ ಅವರ ಬೆಂಬಲಿಗರೂ ಸಹಿ ಸಂಗ್ರಹಿಸಿದರು. 1987ರ ಜನಮತದಲ್ಲಿ ದೊಡ್ಡ ಬಹುಮತದಿಂದ, ನೀರಿಗೆ ಸಂಬಂಧವಿಲ್ಲದ ಕಟ್ಟಡಗಳಿಗೆ ತಡೆ ಬಿತ್ತು. ಆಮೇಲೆ ದಕ್ಕೆಗಳ ದುರಸ್ತಿಗೆ ಹಣ ಸಾಲುತ್ತಿಲ್ಲ ಎಂದು ಮಾಲೀಕರು ಹೇಳಿದಾಗ 2010ರಲ್ಲಿ ನಿಯಮ ತಿದ್ದಿದರು. ನಡುವಿನ ವಲಯದಲ್ಲಿ ನೆಲಮಹಡಿಯ ಶೇಕಡ 45ರಷ್ಟನ್ನು ಬೇರೆ ಬಳಕೆಗೆ ಕೊಡಬಹುದು, ಉಳಿದ 55 ಕಡಲ ಕೆಲಸಕ್ಕೇ ಇರಬೇಕು. ಕಚೇರಿ, ಹೋಟೆಲು ಹೆಚ್ಚಿ, ಲಾಬ್‌ಸ್ಟರ್ ಹಿಡಿಯುವವರಿಗೆ ದಕ್ಕೆಗೆ ಲಾರಿ ತರಲು ದಾರಿಯೂ ನಿಲ್ಲಿಸಲು ಜಾಗವೂ ಇಲ್ಲದಾದಾಗ ಅವರು ಮತ್ತೆ ಸಹಿ ಸಂಗ್ರಹಕ್ಕೆ ಇಳಿದರು. 2018ರ ಡಿಸೆಂಬರಿನಲ್ಲಿ ನಗರ ಪರಿಷತ್ತು ಹೊಸ ಕಟ್ಟಡಗಳಿಗೆ ಆರು ತಿಂಗಳ ತಡೆ ಹಾಕಿ ನಿಯಮವನ್ನು ಪರಿಷ್ಕರಿಸಲು ಕೂತಿತು.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ ಅಂಶ ಇನ್ನೊಂದಿದೆ. ಮೇನ್ ರಾಜ್ಯದಲ್ಲಿ 1971ರಿಂದ ದಂಡೆಯ ವಲಯ ಕಾಯ್ದೆ ಇದೆ, ನೀರಿನಿಂದ 250 ಅಡಿ, ಸುಮಾರು 76 ಮೀಟರ್ ತನಕ ನಿಯಂತ್ರಣ. ರಾಜ್ಯ ಹೇಳುವುದು ಕನಿಷ್ಠ. ಪ್ರತಿಯೊಂದು ಊರು, ನಗರ ತನ್ನ ನಿಯಮವನ್ನು ಅದಕ್ಕಿಂತ ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ. ಮೀನುಗಾರಿಕೆಗೆ ಮೀಸಲಾದ ವಲಯದಲ್ಲಿ ದಕ್ಕೆ, ದೋಣಿಮನೆಯಂಥವು ನೀರಿನ ಅಂಚಿನಲ್ಲೇ ನಿಲ್ಲಬಹುದು, ವಾಸದ ಮನೆಗಳು ಹಿಂದೆ ಸರಿಯಬೇಕು. ಯಾರಿಗೆ ನೀರು ಬೇಕೋ ಅವರಿಗೆ ದಡ ಎಂಬ ವಿವೇಕ ನಿಯಮದ ಒಳಗೇ ಇದೆ.

ನಮ್ಮಲ್ಲೂ ಆಗುತ್ತದೆ. ಸಿಆರ್‌ಝಡ್ ಐವತ್ತು ಮೀಟರ್ ಎಂದದ್ದು ಕನಿಷ್ಠ. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಿಯಮಾವಳಿ ನೂರು ಬಿಡಿ ಎನ್ನುವುದನ್ನು ಅದು ತಡೆಯುವುದಿಲ್ಲ. ಗಂಗೊಳ್ಳಿಯ, ಮಲ್ಪೆಯ, ಮಂಗಳೂರಿನ ದಕ್ಕೆಗಳ ಹಿಂದಿನ ಜಾಗವನ್ನು ಮೀನು ಒಣಗಿಸಲು, ಬಲೆ ಹೆಣೆಯಲು, ಐಸ್ ಪ್ಲಾಂಟಿಗೆ, ದೋಣಿ ದುರಸ್ತಿಗೆ ಮಾತ್ರ ಎಂದು ಮಹಾಯೋಜನೆಯಲ್ಲೇ ಬಣ್ಣ ಹಾಕಿ ಗುರುತಿಸಿದರೆ ಮುಂದೆ ಅದನ್ನು ಹೋಟೆಲಿಗೆ ಬದಲಿಸಲು ಸಾರ್ವಜನಿಕರ ಎದುರು ಪ್ರಕ್ರಿಯೆ ನಡೆಯಲೇಬೇಕಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಕೆರೆಗಳಿಗೂ ಈ ಐವತ್ತು ಮೀಟರ್ ಅನ್ವಯವೇ?
(ಬೆಂಗಳೂರಿನ ಓದುಗರು)

ಉತ್ತರ: ಇಲ್ಲ, ಸಿಆರ್‌ಝಡ್ ಭರತದ ನೀರಿಗೆ ಮಾತ್ರ. ನಿಮ್ಮಲ್ಲಿ 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಎಂದಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75ಕ್ಕೆ ಏರಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದುಮಾಡಿತು. ಮಹಾಯೋಜನೆ ಏನು ಹೇಳುತ್ತದೋ ಅದನ್ನು ಮೀರಲು ಮಂಡಳಿಗೆ ಅಧಿಕಾರವಿಲ್ಲ ಎಂಬುದು ಕಾರಣ. ಅಂದರೆ ಹೋರಾಟ ನಡೆಯಬೇಕಾದ ಸ್ಥಳ ಮಹಾಯೋಜನೆಯ ಕರಡು.

ಪ್ರಶ್ನೆ: ಕರಡು ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆ ಕೊಡಬೇಕು ಎಂದು ನೀವು ಹಿಂದೆ ಬರೆದಿದ್ದಿರಿ. ಏನು ಬರೆಯಬೇಕು? ಬರೆದರೆ ಓದುತ್ತಾರೆಯೇ?
(ನಿವೃತ್ತ ಶಿಕ್ಷಕರು, ಸುರತ್ಕಲ್)

ಉತ್ತರ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಪ್ರಕಟಿಸಿದ ಮೇಲೆ ಸಾರ್ವಜನಿಕರಿಗೆ ಅರವತ್ತು ದಿನ ಕೊಡಬೇಕು. ಕರಾವಳಿ ವಲಯದ ಕರಡು ನಕ್ಷೆಗೆ ಜಿಲ್ಲಾ ಮಟ್ಟದಲ್ಲಿ ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಈ ಎರಡು ಬಾಗಿಲು ಬೇರೆ ಬೇರೆ, ಎರಡಕ್ಕೂ ಬರೆಯಬೇಕು.

"ನದಿಯನ್ನು ಉಳಿಸಿ" ಎಂದು ಬರೆದ ಪತ್ರವನ್ನು ಕಡತದ ತಳಕ್ಕೆ ಹಾಕುವುದು ಸುಲಭ. ಕಚೇರಿಯಲ್ಲಿ ಕೂತು ಆಕ್ಷೇಪಣೆಗಳನ್ನು ವಿಂಗಡಿಸಿದ ಅನುಭವದಿಂದ ಹೇಳುತ್ತೇನೆ, ಉತ್ತರಿಸದೆ ಬಿಡಲಾಗದ ಪತ್ರ ಎಂದರೆ ಸರ್ವೆ ನಂಬರು ಹಿಡಿದು ಮಾತನಾಡುವ ಪತ್ರ. ನಕ್ಷೆಯ ಯಾವ ಹಾಳೆ, ಯಾವ ಗ್ರಾಮ, ಯಾವ ಸರ್ವೆ ನಂಬರು, ಅಲ್ಲಿ ನೆಲದ ಮೇಲೆ ಏನಿದೆ, ನಕ್ಷೆಯಲ್ಲಿ ಏನು ತೋರಿಸಿದ್ದಾರೆ, ಏನೆಂದು ಬದಲಿಸಬೇಕು. ಇಷ್ಟೇ, ಒಂದು ಪುಟ. ಹುಣ್ಣಿಮೆಯ ಭರತದ ಹೊತ್ತಿಗೆ ನೀರು ನಿಂತ ಜಾಗದ ಫೋಟೊ ತೆಗೆಯಿರಿ. ಪಕ್ಕದಲ್ಲಿ ವಿದ್ಯುತ್ ಕಂಬ, ಮೋರಿ, ದೈವಸ್ಥಾನದ ಕಟ್ಟೆ, ಹೀಗೆ ಗುರುತು ಸಿಗುವ ಏನಾದರೂ ಇರಲಿ, ದಿನಾಂಕವೂ ಗಂಟೆಯೂ ಕಾಣಲಿ. ಮೀನು ಒಣಗಿಸುವ ಕಣ, ದೋಣಿ ಎಳೆಯುವ ದಾರಿ, ಸ್ಮಶಾನಕ್ಕೆ ಹೋಗುವ ಓಣಿ ನಕ್ಷೆಯಲ್ಲಿ ಖಾಲಿ ಜಾಗವೆಂದು ತೋರಿಸಲಾಗಿದ್ದರೆ ಅದನ್ನು ಮೊದಲು ಹಿಡಿಯಿರಿ. ಖಾಲಿ ಎಂದು ತೋರಿಸಿದ ಜಾಗವೇ ಮೊದಲು ಕೈತಪ್ಪುವುದು.

ನೀವು ಶಿಕ್ಷಕರು, ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಸರ್ವೆ ಕಚೇರಿಯಲ್ಲೋ ದೋಣಿಯಲ್ಲೋ ಇರುವವರು ಇದ್ದೇ ಇರುತ್ತಾರೆ. ಅವರನ್ನು ಒಂದು ಭಾನುವಾರ ಸೇರಿಸಿ, ಗ್ರಾಮ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಬ್ಬರಿಂದ ತಮಗೆ ಗೊತ್ತಿರುವ ಜಾಗಕ್ಕೆ ಒಂದೊಂದು ಪತ್ರ ಬರೆಸಿ. ಎಲ್ಲರೂ ಸಹಿ ಹಾಕಿದ ಒಂದೇ ಮನವಿಗಿಂತ ಬೇರೆ ಬೇರೆ ಸರ್ವೆ ನಂಬರಿನ ಪ್ರತ್ಯೇಕ ಪತ್ರಗಳಿಗೆ ತೂಕ ಹೆಚ್ಚು, ಪ್ರತಿಯೊಂದಕ್ಕೂ ಪ್ರಾಧಿಕಾರ ಪ್ರತ್ಯೇಕವಾಗಿ ಟಿಪ್ಪಣಿ ಬರೆಯಬೇಕಾಗುತ್ತದೆ. ಕೊಡುವಾಗ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಕ್ರಮಸಂಖ್ಯೆ ಹಾಕಿಸಿಕೊಂಡು ಬನ್ನಿ. ಅರವತ್ತನೇ ದಿನದವರೆಗೆ ಕಾಯಬೇಡಿ. ಅಂತಿಮ ಯೋಜನೆ ಬಂದಾಗ ನಿಮ್ಮ ಕ್ರಮಸಂಖ್ಯೆಯ ಆಕ್ಷೇಪಣೆಗೆ ಏನು ತೀರ್ಮಾನವಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ.